ಕತ್ತರಿ ಕೊಟ್ಟು ಕಾಯುವುದು

ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಹಾಲಿನ ಪೊಟ್ಟಣ ಕತ್ತರಿಸಲು ಕೈಗೆ ಸಿಕ್ಕಿದ ಕತ್ತರಿ ನಮ್ಮದಲ್ಲ. ಉದ್ದದ್ದು, ಭಾರದ್ದು, ಹಿಡಿಗೆ ಬಟ್ಟೆ ಸುತ್ತಿತ್ತು.

"ಇದ್ಯಾರದು ಅತ್ತೆ?"

"ಅವನು ತಂದಿಟ್ಟಿದ್ದ. ಯಾರೂ ಮುಟ್ಟಬೇಡಿ ಅಂದಿದ್ದ. ಮುಟ್ಟಿದ್ಯಲ್ಲ, ಇನ್ನು ಹಾಲು ಕಾಯಿಸು."

ಯಾರದೆಂದು ವಿಚಾರಿಸೋಣವೆಂದು ಕತ್ತರಿ ತೊಳೆದು ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. ನಾನೂ ನನ್ನ ಗಂಡನೂ ಒಂದೇ ಆಸ್ಪತ್ರೆಯಲ್ಲಿ ಮನೋಚಿಕಿತ್ಸಕರಾಗಿದ್ದೆವು. ವ್ಯಕ್ತಿತ್ವದ ತೊಂದರೆ ಇರುವವರಿಗೆ ಅವನು ಕೆಲವೇ ಭೇಟಿಗಳಲ್ಲಿ ಮುಗಿಯುವ ಚಿಕಿತ್ಸೆ ಕೊಡುತ್ತಿದ್ದ. ಇಡೀ ಬದುಕನ್ನು ಕೆದಕುವಂತಿಲ್ಲ. ಒಂದೇ ಗಂಟು ಹಿಡಿದು ಬಿಡಿಸಬೇಕು.

ಕತ್ತರಿಯ ಕತೆ ಹೇಳಿದವರು ನಮ್ಮ ಹಿರಿಯ ವೈದ್ಯೆ. ಅದು ಅವನ ರೋಗಿ ಟೈಲರಮ್ಮನದು. ಜನ ತನ್ನನ್ನು ಬಿಟ್ಟುಹೋಗುತ್ತಾರೆಂಬ ಭಯಕ್ಕೆ ತಾನೇ ಮೊದಲು ಬೈದು ಅಟ್ಟುವವಳು. ಮುದ್ದಿನ ಕತ್ತರಿಯನ್ನು ಅವನಿಗೇ ಎರವಲು ಕೊಟ್ಟು, ಜಗಳ ತೆಗೆಯದೆ, ಮುಂದಿನ ಭೇಟಿಯವರೆಗೆ ಕಾಯುವುದು ಅವನು ಅವಳಿಗೆ ಕೊಟ್ಟ ಅಭ್ಯಾಸ. ಅಷ್ಟರಲ್ಲಿ ಅವನೇ ಹೋದ.

"ಅವಳು ಮೊದಲಿನ ಹಾಗೇ ಆದ್ರೆ, ಅವನು ಕಷ್ಟಪಟ್ಟಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗೆ ಕಣೇ," ಎಂದರು ಅವರು. "ಇವತ್ತು ಬರ್ತಾಳೆ. ನೀನೇ ನೋಡ್ತೀಯಾ?"

ಹೂಂ ಅಂದೆ.

ಟೈಲರಮ್ಮ ಕೂರುವ ಮೊದಲೇ ಶುರುಮಾಡಿದಳು. "ನೀವು ಅವರ ಮನೆಯೋರಂತೆ. ಹೇಳದೆ ಕೇಳದೆ ಹೋಗ್ಬಿಟ್ರಲ್ಲ ಅವರು!"

"ಹೌದು. ನನಗೂ ಹೇಳಲಿಲ್ಲ."

"ಬಾಯಿಗೆ ಬಂದಂಗೆ ಬೈಯೋಣ ಅಂತ ಇಲ್ಲಿಗೆ ಫೋನ್ ಹಚ್ಚಿದ್ದೆ. ಆಮೇಲೆ ಇಟ್ಟೆ. ಸತ್ತೋರನ್ನ ಓಡಿಸೋಕಾಗುತ್ತಾ? ನನ್ನ ತಂಗಿಗೆ ಫೋನ್ ಮಾಡಿ ಅತ್ಕೊಂಡೆ. ಇದೇನೇ ಹೊಸ ನಾಟಕ ಅಂದ್ಳು."

ನನಗೆ ನಗು ಬಂತು. ಬಂದದ್ದಕ್ಕೆ ಗಾಬರಿಯೂ ಆಯಿತು.

"ನಗ್ರಿ, ನಗ್ರಿ. ನಾಟಕ ನೋಡೋಕೆ ಅಂತ ಬಂದೋಳು ಇನ್ನೂ ಹೋಗಿಲ್ಲ. ರಾತ್ರಿಯೆಲ್ಲ ನನ್ನ ಹೊದಿಕೆ ಎಳ್ಕೊಳ್ತಾಳೆ."

"ಓಡಿಸಲಿಲ್ವಾ?"

"ಕಾಯ್ತಾ ಇದೀನಲ್ಲ!" ಅವಳು ದನಿ ತಗ್ಗಿಸಿದಳು. "ಸಾವಾದ ಮನೆಗೆ ಹೋಗಿ ಕತ್ತರಿ ಕೊಡಿ ಅಂತ ಹೆಂಗೆ ಕೇಳೋದು? ಮೊಂಡು ಕತ್ತರೀಲಿ ಗಿರಾಕಿಗಳ ಬಟ್ಟೆ ಹರೀತಾ ಕೂತಿದೀನಿ."

"ಬೆಳಿಗ್ಗೆ ಗೊತ್ತಿಲ್ದೆ ಅದರಲ್ಲಿ ಹಾಲಿನ ಪೊಟ್ಟಣ ಕತ್ತರಿಸಿದೆ."

"ಅಯ್ಯೋ! ಪ್ಲಾಸ್ಟಿಕ್ಕಾ? ಅದರಲ್ಲಿ ನಾನು ಕಾಗದಾನೂ..." ಬಾಯಿಗೆ ಕೈ ಅಡ್ಡ ಹಿಡಿದಳು. "ಬೇಡ. ಬೈಯಲ್ಲ."

"ಬೈಯಿರಿ. ನಾನೆಲ್ಲೂ ಹೋಗಲ್ಲ."

ಅವಳು ಮನಸಾರೆ ಬೈದಳು. ಅಕ್ಷರ ಕಲಿತವರಿಗೆ ಬಟ್ಟೆ ಕತ್ತರಿಗೂ ತರಕಾರಿ ಚಾಕುವಿಗೂ ವ್ಯತ್ಯಾಸ ತಿಳಿಯದೆಂದಳು. ನಡುವೆ ಊಟ ಮಾಡಿದ್ರಾ ಎಂದು ವಿಚಾರಿಸಿ, ಮತ್ತೆ ಬೈದಳು.

ಉಸಿರು ತೆಗೆದುಕೊಳ್ಳಲು ಅವಳು ನಿಲ್ಲಿಸಿದಾಗ ಚೀಲದಿಂದ ಕತ್ತರಿ ತೆಗೆದು, ಹಿಡಿ ಅವಳ ಕಡೆಗಿರುವಂತೆ ತಿರುಗಿಸಿ ಕೊಟ್ಟೆ.