ತೋಳಿನ ಗುಂಡುಪಿನ್ನುಗಳು

ಚಳಿ ಆಗಷ್ಟೇ ಹಿಡಿದಿತ್ತು. ನಮ್ಮ ಟೈಲರ್ ಅಂಗಡಿಯಲ್ಲಿ ಸಂಜೆ ಹೊಲಿಗೆ ಮಿಷನ್ನುಗಳು ನಿಂತ ಮೇಲೆ, ಇಸ್ತ್ರಿ ಟೇಬಲ್ಲಿನ ಮುಂದೆ ನಮಗೆಲ್ಲ ಇಂಗ್ಲಿಷ್ ಪಾಠ ಶುರುವಾಯಿತು. ಪರೀಕ್ಷೆಯಲ್ಲಿ ಗೆದ್ದವರಿಗೆ ಗಿರಾಕಿಗಳ ಹತ್ತಿರ ಮಾತಾಡುವ ಕೌಂಟರ್ ಕೆಲಸ. ನನ್ನ ತಂಗಿಗೆ ಅದು ಬೇಕೇ ಬೇಕಿತ್ತು. ಗುಂಡಿ ತೂರಿಸುವ ಕಾಜಾ ಹೊಲಿದು ಹೊಲಿದು ಅವಳ ಕಣ್ಣು ಮಂಜಾಗಿತ್ತು.

ಪಾಠ ಹೇಳುತ್ತಿದ್ದವನು ಅಂಗಡಿ ಧಣಿಯ ಅಳಿಯ. ಪರೀಕ್ಷೆಯ ದಿನ ತಂಗಿಗೆ, "'ರನ್' ಅಂದ್ರೆ ಏನೇನು? ಹೇಳು" ಅಂದ. ಓಡುವುದು, ಅಂಗಡಿ ನಡೆಸುವುದು, ಒಗೆದಾಗ ಬಣ್ಣ ಬಿಡುವುದು... ಒಂದೊಂದು ಅರ್ಥಕ್ಕೂ ತಂಗಿ ರವಿಕೆಯ ತೋಳಿಗೆ ಚುಚ್ಚಿಕೊಂಡಿದ್ದ ಒಂದೊಂದು ಗುಂಡುಪಿನ್ನು ಮುಟ್ಟುತ್ತಾ ಹೇಳುತ್ತಿದ್ದಳು. ಗಿರಾಕಿಗಳ ಅಳತೆಯನ್ನೂ ನಾವು ನೆನಪಿಡುವುದು ಹಾಗೆಯೇ.

"ಕಾಪಿ ಹೊಡೀತೀಯೇನೇ ಮುದುಕಿ? ನಡಿ ಆಚೆ!" ಎಂದು ಅಳಿಯ ಪಿನ್ನುಗಳನ್ನು ಕಿತ್ತೆಸೆದ.

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಪಿನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದೆ. "ಇದರ ಮೇಲೆ ಏನು ಬರೆದಿದೆ, ಓದಪ್ಪ ಪಂಡಿತ!"

ಎಲ್ಲರೂ ನಕ್ಕರು. ಧಣಿ ಮಾತ್ರ ತಲೆ ಎತ್ತದೆ ಲೆಕ್ಕದ ಪುಸ್ತಕ ತಿರುವುತ್ತಿದ್ದರು.

"ಬಾರಕ್ಕ, ಕಲಿತಿದ್ದನ್ನ ಅವನೇನು ಕಿತ್ಕೊಳ್ಳೋಕಾಗುತ್ತಾ?" ಅಂದಳು ತಂಗಿ.

"ಕೌಂಟರ್ ಕೆಲಸ ಕಿತ್ಕೊಂಡನಲ್ಲೇ!" ಅಂದೆ.

ಮರುದಿನ ಕೌಂಟರಿನಲ್ಲಿ ಅವನ ಸ್ವಂತ ತಮ್ಮ ಕೂತಿದ್ದ. ಗುರುವಾರ ತಂಗಿ ಕೆಲಸ ಬಿಟ್ಟಳು. ಕೈಯಲ್ಲಿದ್ದ ಬಟ್ಟೆ ಮುಗಿಸಿಕೊಟ್ಟು ಶನಿವಾರ ನಾನೂ ಬಿಟ್ಟೆ.