ಬುರ್ಜಿ ಇಲ್ಲದ ಸೋಮವಾರ

ರೋಣದ ಚದುರಂಗ ಕೂಟ ಸೋಮವಾರ ಸೇರುತ್ತದೆ. ಅಂದು ಈ ಕಡೆಯ ಒಕ್ಕಲಿಗರು ಎತ್ತು ಹೂಡುವುದಿಲ್ಲ. ಸಂಗನಬಸವನ ಅಡತಿ ಅಂಗಡಿಗೆ ಮಾಲು ಬರುವುದೂ ಕಡಿಮೆ. ಮಧ್ಯಾಹ್ನದ ಊಟವಾದ ಮೇಲೆ ಕಡಲೆ ಚೀಲಗಳನ್ನು ಗೋಡೆಗೆ ಒತ್ತರಿಸಿ, ನಡುವೆ ಜಮಖಾನೆ ಹಾಸಿ, ನಾಲ್ಕೈದು ಮಣೆ ಇಟ್ಟರೆ ಕೂಟ ತಯಾರು. ನರಗುಂದ, ಹೊಳೆಆಲೂರು, ಗಜೇಂದ್ರಗಡದಿಂದ ಬಸ್ಸು ಹಿಡಿದು ಬರುವವರಿದ್ದಾರೆ. ತಿಂಗಳಿಗೊಮ್ಮೆ ಚೀಟಿ ಎತ್ತಿ ಜೋಡಿ ಮಾಡಿ ಸಣ್ಣದೊಂದು ಪಂದ್ಯಾವಳಿ ನಡೆಸುತ್ತಾರೆ. ಗೆದ್ದವರಿಗೆ ಬಹುಮಾನವೇನೂ ಇಲ್ಲ. ಗೆದ್ದವರೇ ಎಲ್ಲರಿಗೂ ಚಹಾ ಕುಡಿಸಬೇಕು.

ಈ ಕೂಟದಲ್ಲಿ ಹೋದ ಚಳಿಗಾಲದವರೆಗೆ ಬುರ್ಜಿ ಎಂಬ ಹಳೆಯ ಪದ್ಧತಿ ನಡೆಯುತ್ತಿತ್ತು. ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಹೊಡೆದವನು ಗೆದ್ದ ಹಾಗಲ್ಲ, ಹೊಡೆಸಿಕೊಂಡವನು ಸೋತ ಹಾಗಲ್ಲ; ಆಟ ಸಮ. ಆದ್ದರಿಂದ ಗೆಲ್ಲಬೇಕೆನ್ನುವವನು ಎದುರಿನವನಿಗೆ ಕಡೆಗೆ ಒಬ್ಬ ಕಾಲಾಳನ್ನು, ಒಂದು ಪ್ಯಾದೆಯನ್ನಾದರೂ ಬಿಟ್ಟು, ಅದು ಇರುವಾಗಲೇ ಅವನ ರಾಜನನ್ನು ಕಟ್ಟಿಹಾಕಬೇಕಿತ್ತು. ಹೊರಗಿನ ಪಂದ್ಯಗಳಲ್ಲಿ ಈಗ ಹೀಗೆ ಆಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಹೊರಗೆ ಹೋಗಿ ಆಡಿದವರು ಯಾರೂ ಇರಲಿಲ್ಲ.

ಮೊದಲು ಹೋದವಳು ದ್ರಾಕ್ಷಾಯಣಿ. ಗಜೇಂದ್ರಗಡದಲ್ಲಿ ಸೀರೆ ನೇಯುವ ಮನೆಯ ಸೊಸೆ. ಆಟ ಕಲಿಸಿದವನು ಅವಳ ಮಾವ ತೋಟಪ್ಪ. ಕುಣಿಮಗ್ಗದಲ್ಲಿ ನೆಲದ ಗುಣಿಗೆ ಕಾಲು ಇಳಿಬಿಟ್ಟು ಕುಳಿತವರು ಮೇಲಿಂದ ಮೇಲೆ ಏಳಲಾಗುವುದಿಲ್ಲ. ಮಾವ ಒಂದು ಮಗ್ಗದಲ್ಲಿ, ಸೊಸೆ ಇನ್ನೊಂದರಲ್ಲಿ. ನಡುವಿನ ಕಟ್ಟೆಯ ಮೇಲೆ ಮಣೆ. ಒಂದು ಗೇಣು ನೇಯುವಷ್ಟರಲ್ಲಿ ಒಂದು ನಡೆ ಯೋಚಿಸಿ, ಕೈ ಚಾಚಿ ಕಾಯಿ ಸರಿಸುವರು. ಮಾತು ಅಷ್ಟಕ್ಕಷ್ಟೇ ಇದ್ದ ಆ ಮನೆಯಲ್ಲಿ ಮಾವ ಸೊಸೆಯ ಮಾತುಕತೆಯೆಂದರೆ ಅದೇ ಆಗಿತ್ತು. ತೋಟಪ್ಪ ಅವಳಿಗೆ ಮೊದಲು ಕಲಿಸಿದ್ದೇ ಕೊನೆಯ ಪ್ಯಾದೆಯನ್ನು ಮುಟ್ಟಬಾರದು ಎಂಬುದನ್ನು. "ಎದುರಿನವರನ್ನ ಬರಿಗೈ ಮಾಡಿ ಗೆದ್ದರ ಏನ ಗೆದ್ದಂಗ ಆತು, ಯವ್ವಾ?" ಎನ್ನುತ್ತಿದ್ದ.

ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಿರ್ಮಲಾ ಟೀಚರು ಅವಳನ್ನು ಗದಗಿನ ಪಂದ್ಯಕ್ಕೆ ಕರೆದುಕೊಂಡು ಹೋದರು. ಮೂರನೆಯ ಸುತ್ತಿನಲ್ಲಿ ಗೆಲುವು ಅವಳ ಕೈಯಲ್ಲೇ ಇತ್ತು. ಎದುರಾಳಿಗೆ ಉಳಿದದ್ದು ರಾಜ ಮತ್ತು ಒಂದೇ ಪ್ಯಾದೆ. ಅವಳ ಆನೆ ಅದನ್ನು ಯಾವಾಗ ಬೇಕಾದರೂ ಹೊಡೆಯಬಹುದಿತ್ತು. ಅವಳು ಹೊಡೆಯಲಿಲ್ಲ. ಅದನ್ನು ಹಾಗೇ ಬಿಟ್ಟು ರಾಜನನ್ನು ಕಟ್ಟಲು ಹೋದಳು. ಪ್ಯಾದೆ ಒಂದೊಂದೇ ಮನೆ ನಡೆದು ತುದಿ ಮುಟ್ಟಿ, ಮಣೆಯ ಎಲ್ಲಕ್ಕಿಂತ ಬಲದ ಕಾಯಿಯಾದ ವಜೀರನಾಯಿತು. ಅವಳು ಸೋತಳು.

ವಾಪಸು ಬಂದ ಮೇಲೆ ಸಂಗನಬಸವ ಕೂಟದಲ್ಲಿ ಬುರ್ಜಿ ನಿಲ್ಲಿಸಿದ. ಅವಳಿಗೆ ಒಳ್ಳೆಯದಾಗಲೆಂದೇ ನಿಲ್ಲಿಸಿದ. "ಇನ್ನ ಮುಂದ ಗದಗಿನಾಗ ಹ್ಯಾಂಗೋ ಇಲ್ಲೂ ಹಂಗ" ಎಂದ. ಅಲ್ಲಿಯವರೆಗೆ ಒಂದು ವಾರವೂ ಕೂಟ ತಪ್ಪಿಸದ ತೋಟಪ್ಪ ಮುಂದಿನ ಸೋಮವಾರ ರೋಣಕ್ಕೆ ಬರಲಿಲ್ಲ. ಕಟ್ಟೆಯ ಮೇಲಿನ ಮಣೆ ತೊಲೆಯ ಸಂದಿಗೆ ಸೇರಿತು.

"ಒಂದ ಆಟ ಆಡೂಣೇನ್ರಿ ಮಾವಾರ?" ಎಂದು ದ್ರಾಕ್ಷಾಯಣಿ ಕೇಳಿದರೆ, ಲಾಳಿ ಎಸೆಯುತ್ತಲೇ ಹೇಳುತ್ತಿದ್ದ: "ನಾ ಕಲಿಸಿದ್ದ ತಪ್ಪಾತು. ಟೀಚರ ಕಡೆ ಕಲಿ."

ಚಳಿ ಹೋಗಿ ಬಿಸಿಲು ಬಂತು. ಅವಳು ಸೋಮವಾರ ಸೋಮವಾರ ಒಬ್ಬಳೇ ರೋಣಕ್ಕೆ ಹೋಗಿಬಂದಳು. ಅಲ್ಲಿ ಗೆದ್ದರೂ ಬಂದು ಹೇಳಲು ಯಾರೂ ಇರಲಿಲ್ಲ. ಗಂಡ ಮುತ್ತಪ್ಪನಿಗೆ ಆನೆ ಯಾವುದು, ಒಂಟೆ ಯಾವುದು ತಿಳಿಯದು. ಸೋತ ಪಂದ್ಯದ ದುಃಖ ಅವಳಿಗೆ ಆಗಲೇ ಹಳೆಯದಾಗಿತ್ತು. ಆದರೆ ತನ್ನ ಸೋಲಿನಿಂದ ಮಾವನ ಆಟ ನಿಂತಿತು ಎಂಬುದು ಹಳೆಯದಾಗಲಿಲ್ಲ. ಪಂದ್ಯಾವಳಿಯ ಸೋಮವಾರ ಹತ್ತಿರ ಬಂದಾಗ ಅವಳು ನಿರ್ಮಲಾ ಟೀಚರಿಗೆ ಫೋನು ಮಾಡಿ ತನ್ನ ಹೆಸರಿನ ಜೊತೆ ಮಾವನ ಹೆಸರನ್ನೂ ಕೊಟ್ಟಳು.

"ಯಾರನ್ನ ಕೇಳಿ ಕೊಟ್ಟಿ?" ಎಂದ ತೋಟಪ್ಪ.

"ಯಾರನ್ನೂ ಕೇಳಿಲ್ರಿ."

"ಬರೂದಿಲ್ಲಂತ ಹೇಳು."

ಒಳಗೆ ಜೋಳದ ಹಿಟ್ಟು ನಾದುತ್ತಿದ್ದ ಅತ್ತೆ ಗೌರವ್ವ ಅಲ್ಲಿಂದಲೇ ದನಿ ಎತ್ತಿದಳು. "ಹೋಗ್ರಿ ಅತ್ತಾಗ. ಸೋಮಾರ ಬಂತಂದ್ರ ಮನ್ಯಾಗ ಕುಂತು ನನ್ನ ಅಡಗಿಗೆ ಹೆಸರಿಡಾಕತ್ತೀರಿ. ಹೋದ ವಾರ ಬ್ಯಾಳಿಗೆ ಉಪ್ಪ ಹೆಚ್ಚಾತು, ಅದರ ಹಿಂದಿನ ವಾರ ಕಮ್ಮಿ ಆತು. ಮೂವತ್ತ ವರ್ಷ ಇಲ್ಲದ ನಾಲಿಗಿ ಈಗ ಎಲ್ಲಿಂದ ಬಂತು?"

ತೋಟಪ್ಪ ಟೋಪಿ ಹುಡುಕಿಕೊಂಡ.

ಅಂಗಡಿಯಲ್ಲಿ ಅವನನ್ನು ಯಾರೂ ದೊಡ್ಡದಾಗಿ ಸ್ವಾಗತಿಸಲಿಲ್ಲ. ಸಂಗನಬಸವ ಸರಿದು ಜಾಗ ಕೊಟ್ಟ. ಹೊಳೆಆಲೂರಿನ ದಿಲಾವರ, ರೇಲ್ವೆಯಲ್ಲಿದ್ದು ನಿವೃತ್ತನಾದವನು, ಮಾತ್ರ ಕೇಳಿದ: "ಏನ್ರಿ ತೋಟಪ್ಪಣ್ಣಾರ, ದಾರಿ ಮರತಿದ್ರೇನು?"

"ನಿನ್ನ ಗಾಡಿ ಲೇಟಾದಾಗ ಯಾರರ ಕೇಳ್ಯಾರೇನಪಾ?"

ಎಲ್ಲರೂ ನಕ್ಕರು. ಮೊದಲ ಸುತ್ತಿನ ಚೀಟಿಯಲ್ಲಿ ಅವರಿಬ್ಬರೇ ಜೋಡಿಯಾದರು. ದಿಲಾವರ ಲಗುಬಗೆಯ ಆಟಗಾರ. ಮಣೆಯ ಮೇಲೆ ಇನ್ನೂ ಅರ್ಧ ಕಾಯಿ ಇರುವಾಗಲೇ ಅವನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಬುರ್ಜಿಯ ಪ್ರಶ್ನೆಯೇ ಬರಲಿಲ್ಲ. ತೋಟಪ್ಪನ ಮುಖ ತುಸು ಸಡಿಲಾಯಿತು. ಎರಡನೆಯ ಸುತ್ತಿಗೆ ನಿರ್ಮಲಾ ಟೀಚರು ಚೀಟಿ ಬಿಚ್ಚಿ ಓದಿದರು: ತೋಟಪ್ಪ, ದ್ರಾಕ್ಷಾಯಣಿ.

ಮಾವನೆದುರು ಸೊಸೆ ಸೆರಗು ಸರಿಮಾಡಿಕೊಂಡು ಕುಳಿತಳು. ಬಿಟ್ಟುಕೊಡಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಬಿಟ್ಟುಕೊಟ್ಟರೆ ಅವನಿಗೆ ಮೂರು ನಡೆಯಲ್ಲಿ ಗೊತ್ತಾಗುತ್ತಿತ್ತು. ಇಬ್ಬರೂ ನಿಧಾನವಾಗಿ ಆಡಿದರು. ಒಬ್ಬರ ಆಟ ಇನ್ನೊಬ್ಬರಿಗೆ ಪೂರ್ತಿ ಗೊತ್ತಿದ್ದುದರಿಂದ ಯಾರ ಬಲೆಗೂ ಯಾರೂ ಬೀಳಲಿಲ್ಲ. ಕಾಯಿಗೆ ಕಾಯಿ ಹೋಗುತ್ತಾ ಮಣೆ ಖಾಲಿಯಾಗುತ್ತಾ ಬಂತು. ಕೊನೆಗೆ ತೋಟಪ್ಪನ ಬಳಿ ರಾಜ ಮತ್ತು ಒಂದು ಆನೆ ಉಳಿದವು. ದ್ರಾಕ್ಷಾಯಣಿಯ ಬಳಿ ರಾಜ ಮತ್ತು ಒಂದು ಪ್ಯಾದೆ.

ಉಳಿದ ಆಟಗಳು ಮುಗಿದಿದ್ದವು. ಎಲ್ಲರೂ ಈ ಮಣೆಯ ಸುತ್ತ ಬಂದು ಕುಳಿತರು.

ಅವಳು ಪ್ಯಾದೆಯನ್ನು ಒಂದು ಮನೆ ಮುಂದೆ ಸರಿಸಿದಳು. ಇನ್ನೆರಡು ಮನೆ ನಡೆದರೆ ಅದು ವಜೀರ. ತೋಟಪ್ಪನ ಆನೆಗೆ ಅದನ್ನು ಹೊಡೆಯುವ ದಾರಿ ತೆರೆದೇ ಇತ್ತು. ಅವನು ಕೈ ಎತ್ತಿದ. ಕೈ ಆನೆಯ ಮೇಲೆ ನಿಂತಿತು, ಮುಟ್ಟಲಿಲ್ಲ. ಹಿಂದಕ್ಕೆ ಬಂದು ಮೊಣಕಾಲ ಮೇಲೆ ಕುಳಿತಿತು. ಇನ್ನೊಮ್ಮೆ ಎತ್ತಿದ. ಇನ್ನೊಮ್ಮೆ ಹಾಗೇ ಆಯಿತು. ಹೊಡೆಯಬೇಕೆಂದು ತಲೆಗೆ ಗೊತ್ತಿತ್ತು; ಕೈಗೆ ಗೊತ್ತಿರಲಿಲ್ಲ.

ತಲೆ ಎತ್ತದೆ ಕೇಳಿದ: "ಗದಗಿನಾಗ ಹಿಂಗ ಆಗಿತ್ತೇನು?"

"ಹೌದ್ರಿ. ಹಿಂಗ."

"ಹೊಡೀಬೇಕಂತ ಗೊತ್ತಿತ್ತು?"

"ಗೊತ್ತಿತ್ರಿ. ಟೀಚರು ಮೊದಲ ಹೇಳಿದ್ರು. ಕೈ ಹೋಗಲಿಲ್ಲ."

ತೋಟಪ್ಪ ತಲೆ ಆಡಿಸಿದ. ಅಲ್ಲಿಯವರೆಗೆ ಅವನು ಅವಳು ಮರೆತಳೆಂದೋ, ಹೊಸ ನಿಯಮ ತಿಳಿಯಲಿಲ್ಲವೆಂದೋ ಅಂದುಕೊಂಡಿದ್ದ.

"ಮತ್ತ ಈಗ ನಾ ಏನ ಮಾಡ್ಲಿ?"

"ನನ್ನ ಕೇಳಬ್ಯಾಡ್ರಿ ಮಾವಾರ. ಪಾಳಿ ನಿಮ್ಮದು. ನೀವು ಬಿಟ್ಟರ ನಾ ವಜೀರನ್ನ ಮಾಡಾಕಿನ."

"ಮಾಡ್ತಾಳ್ರಿ ಅಕಿ" ಎಂದ ದಿಲಾವರ ಹಿಂದಿನಿಂದ. "ಮಾವ ಅಂತ ನೋಡೂದಿಲ್ಲ."

ತೋಟಪ್ಪ ಆನೆಯನ್ನು ಹಿಡಿದ. ನೂಲಿನ ಎಳೆ ಕಡಿಯದಂತೆ ಎತ್ತುವವನ ಹಾಗೆ ಎತ್ತಿ, ಪ್ಯಾದೆ ಇದ್ದ ಮನೆಯಲ್ಲಿ ಇಟ್ಟ. ಪ್ಯಾದೆಯನ್ನು ತೆಗೆದು ಸೊಸೆಯ ಮೊಣಕಾಲ ಬಳಿ ಮೆತ್ತಗೆ ಮಲಗಿಸಿದ. ಇಷ್ಟು ವರ್ಷದಲ್ಲಿ ಅವನು ಆಟ ಗೆಲ್ಲುವುದಕ್ಕೆಂದು ಎದುರಾಳಿಯ ಕೊನೆಯ ಪ್ಯಾದೆಯನ್ನು ಹೊಡೆದದ್ದು ಅದೇ ಮೊದಲು.

ಸಂಗನಬಸವ ಕಾಯಿ ಒಟ್ಟುಗೂಡಿಸಲು ಕೈ ಚಾಚಿದ.

"ತಡೀರಿ" ಎಂದರು ನಿರ್ಮಲಾ ಟೀಚರು. "ಆಟ ಮುಗಿದಿಲ್ಲ. ರಾಜನ್ನ ಕಟ್ಟಬೇಕಲ್ಲ?"

ಸಂಗನಬಸವನ ಕೈ ಅಲ್ಲೇ ನಿಂತಿತು. ಎಲ್ಲರೂ ಮಣೆಯನ್ನು ಹೊಸದಾಗಿ ನೋಡಿದರು. ಒಂದು ಕಡೆ ರಾಜ ಮತ್ತು ಆನೆ, ಇನ್ನೊಂದು ಕಡೆ ಬರಿ ರಾಜ. ಇಂಥ ಮಣೆಯನ್ನು ಅವರೆಲ್ಲ ನೂರಾರು ಸಲ ನೋಡಿದ್ದರು, ಆದರೆ ಆಟ ನಿಂತ ಮೇಲೆ. ಇಲ್ಲಿಂದ ಮುಂದೆ ಹೇಗೆ ಆಡಬೇಕೆಂದು ಆ ಅಂಗಡಿಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಬುರ್ಜಿ ನಿಂತ ಮೇಲೂ ಬರಿ ರಾಜ ಉಳಿದವರು ತಾವೇ ಸೋಲು ಒಪ್ಪಿ ಏಳುತ್ತಿದ್ದುದರಿಂದ ತಿಳಿಯುವ ಅಗತ್ಯವೇ ಎಂದೂ ಬಿದ್ದಿರಲಿಲ್ಲ.

"ಇದಕ್ಕೊಂದು ಮಿತಿ ಐತ್ರಿ" ಎಂದು ಟೀಚರು ವಿವರಿಸಿದರು. "ಇಬ್ಬರೂ ಐವತ್ತೈವತ್ತು ನಡೆ ಆಡೂದ್ರೊಳಗ ಕಟ್ಟಬೇಕು. ಇಲ್ಲಂದ್ರ ಆಟ ಸಮ."

"ಐವತ್ತು? ಅಷ್ಟ್ಯಾಕ ಬೇಕು, ಹತ್ತರಾಗ ಮುಗಿಸ್ತಾರ" ಎಂದ ದಿಲಾವರ. ಚೀಲದಿಂದ ಒಂದು ಹಿಡಿ ಕಡಲೆ ತೆಗೆದು, ನಡೆಗೊಂದರಂತೆ ತಟ್ಟೆಯಲ್ಲಿ ಹಾಕಲು ಕುಳಿತ.

ತೋಟಪ್ಪ ಆನೆಯನ್ನು ಅವಳ ರಾಜನ ಸಾಲಿಗೆ ತಂದು ಶಹ ಕೊಟ್ಟ. ದ್ರಾಕ್ಷಾಯಣಿ ರಾಜನನ್ನು ಪಕ್ಕಕ್ಕೆ ಸರಿಸಿದಳು. ಮತ್ತೆ ಶಹ. ಮತ್ತೆ ಪಕ್ಕಕ್ಕೆ. ಆನೆ ಮಣೆಯ ಈ ತುದಿಯಿಂದ ಆ ತುದಿಗೆ ಓಡಾಡಿತು. ಅವಳ ರಾಜ ನಟ್ಟನಡುವೆ ಆರಾಮಾಗಿ ಒಂದೊಂದೇ ಹೆಜ್ಜೆ ಇಡುತ್ತಾ ಅಡ್ಡಾಡಿದ. ತಟ್ಟೆಯಲ್ಲಿ ಕಡಲೆ ಹೆಚ್ಚಿದವು.

"ಸೊಸಿ ಮಾವನ್ನ ಊರತುಂಬ ಓಡಸಾಕತ್ಯಾಳ" ಎಂದ ಸಂಗನಬಸವ.

"ಗೌರವ್ವಕ್ಕಗ ಹೇಳಬ್ಯಾಡ್ರಿ ಮತ್ತ" ಎಂದ ದಿಲಾವರ, ಕಡಲೆ ಹಾಕುತ್ತಾ. ನಡುವೆ ಒಂದನ್ನು ಬಾಯಿಗೆ ಹಾಕಿಕೊಂಡ.

"ಲೆಕ್ಕಾ ತಿನ್ನಬ್ಯಾಡ್ರಿ ದಿಲಾವರಣ್ಣಾರ" ಎಂದರು ಟೀಚರು. ಅವನು ಚೀಲದಿಂದ ಇನ್ನೊಂದು ತೆಗೆದು ಬದಲಿಗೆ ಹಾಕಿದ.

ಒಮ್ಮೆ ಅವಳ ರಾಜ ಅಂಚಿನವರೆಗೂ ಹೋದ. ಎಲ್ಲರೂ ಮುಂದಕ್ಕೆ ಬಾಗಿದರು. ಆದರೆ ತೋಟಪ್ಪ ಲಗುಬಗೆಯಲ್ಲಿ ಮತ್ತೊಂದು ಶಹ ಕೊಟ್ಟು ತಾನೇ ಆ ರಾಜನಿಗೆ ನಡುವಿಗೆ ಬರುವ ದಾರಿ ಬಿಟ್ಟುಕೊಟ್ಟ. ದಿಲಾವರ ಕೊನೆಯ ಕಡಲೆ ತಟ್ಟೆಗೆ ಹಾಕಿದ.

"ಐವತ್ತು" ಎಂದ.

"ಸಮ" ಎಂದರು ಟೀಚರು.

ಸಂಗನಬಸವ ತೊಡೆ ತಟ್ಟಿ ನಕ್ಕ. "ತೋಟಪ್ಪಾರ, ನಾವು ಬುರ್ಜಿ ಬಿಟ್ಟರೂ ಬುರ್ಜಿ ನಿಮ್ಮನ್ನ ಬಿಡವಲ್ದು ನೋಡ್ರಿ. ಪ್ಯಾದಿ ಹೊಡದೂ ಸಮ ಆತು."

ನಗು ಜಮಖಾನೆಯ ಸುತ್ತ ಹಬ್ಬಿತು. ದ್ರಾಕ್ಷಾಯಣಿ ನಗಲಿಲ್ಲ. ಅವಳು ಮಾವನ ಮುಖ ನೋಡುತ್ತಿದ್ದಳು. ಎಲ್ಲರೆದುರು ಹೀಗಾಯಿತಲ್ಲ, ಇನ್ನು ಈತ ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಹೆಸರು ಕೊಟ್ಟು ತಪ್ಪು ಮಾಡಿದೆನೇನೋ.

ತೋಟಪ್ಪನೂ ನಗುತ್ತಿರಲಿಲ್ಲ. ಆದರೆ ಅವನು ಯಾರ ಮಾತನ್ನೂ ಕೇಳಿಸಿಕೊಂಡಂತೆ ಇರಲಿಲ್ಲ. ಆನೆಯನ್ನು ಬೆರಳಲ್ಲಿ ತಿರುಗಿಸುತ್ತಾ ಮಣೆ ನೋಡುತ್ತಿದ್ದ.

"ಇದನ್ನ ಕಟ್ಟಾಕ ಖರೇನ ಬರ್ತೈತೇನ್ರಿ ಟೀಚರ?"

"ಬರ್ತೈತ್ರಿ. ಪುಸ್ತಕದಾಗ ಚಿತ್ರ ನೋಡೀನಿ. ಆದ್ರ ನಾನೂ ಒಮ್ಮೆನೂ ಕೈಯಾರೆ ಮಾಡಿಲ್ಲ."

"ಚಿತ್ರದಾಗ ರಾಜಾ ಎಲ್ಲಿ ಇರ್ತಾನ?"

ಟೀಚರು ನೆನಪಿಸಿಕೊಂಡರು. "ಎದುರಿಗೆ ಅನಸ್ತೈತ್ರಿ. ರಾಜನ ಎದುರಿಗೆ ರಾಜಾ, ನಡುವ ಒಂದ ಮನಿ ಖಾಲಿ."

ತೋಟಪ್ಪ ಮಣೆಯ ಮೂಲೆಗೆ ನೋಡಿದ. ಅಷ್ಟು ಹೊತ್ತೂ ಅವನ ರಾಜ ಅಲ್ಲೇ, ಇಟ್ಟಲ್ಲೇ ಕುಳಿತಿದ್ದ. ಆನೆಯೊಂದನ್ನೇ ಅವನು ಓಡಾಡಿಸಿದ್ದ. ರಾಜನನ್ನು ಕಾಪಾಡಿ ಹಿಂದಿಡುವುದು ಅವನಿಗೆ ಕೊನೆಯ ಪ್ಯಾದೆ ಬಿಡುವಷ್ಟೇ ಹಳೆಯ ರೂಢಿ. ಈಗ ರಾಜನನ್ನು ಒಂದು ಮನೆ ಮುಂದಿಟ್ಟ. ಮತ್ತೊಂದು ಮನೆ ಇಟ್ಟು, ಅಲ್ಲಿಂದ ಆನೆಯ ಸಾಲನ್ನು ನೋಡಿದ.

"ಆನಿ ಒಂದ ಓಡ್ಯಾಡಿ ಏನ ಮಾಡೀತು" ಎಂದ ತನ್ನಷ್ಟಕ್ಕೆ. "ರಾಜಾ ತಾನ ಎದ್ದು ಬರಬೇಕು. ಆನಿ ಬಾಗಿಲಾ ಕಾಯಬೇಕು."

"ಹಂಗಂದ್ರ?" ದಿಲಾವರ ಕಡಲೆ ತಟ್ಟೆ ಪಕ್ಕಕ್ಕಿಟ್ಟು ಹತ್ತಿರ ಸರಿದ. ಸಂಗನಬಸವ ಮಣೆಯ ಆ ಬದಿಗೆ ಬಂದು ಮೊಣಕಾಲೂರಿದ. ಟೀಚರು ಕನ್ನಡಕ ಏರಿಸಿಕೊಂಡರು. ಇಲ್ಲಿ ಆನೆ ಇಟ್ಟರೆ ಅಲ್ಲಿಂದ ದಾಟುತ್ತಾನೆ, ಅಲ್ಲಿ ಇಟ್ಟರೆ ಇಲ್ಲಿಂದ ದಾಟುತ್ತಾನೆ ಎಂದು ನಾಲ್ಕು ಕೈ ಒಂದೇ ಮಣೆಯ ಮೇಲೆ ಆಡಿದವು. ಪಂದ್ಯಾವಳಿಯ ಮುಂದಿನ ಸುತ್ತು ಯಾರಿಗೂ ನೆನಪಾಗಲಿಲ್ಲ. ಅಂದು ಚಹಾ ಯಾರು ಕುಡಿಸಬೇಕೆಂಬುದೂ ತೀರ್ಮಾನವಾಗಲಿಲ್ಲ. ಸಂಗನಬಸವ ತಾನೇ ಹೇಳಿ ತರಿಸಿದ.

ಚಹಾ ಕುಡಿಯುವಾಗ ದ್ರಾಕ್ಷಾಯಣಿ ಗಡಿಯಾರ ನೋಡಿದಳು. "ಮಾವಾರ, ಗಜೇಂದ್ರಗಡದ ಬಸ್ಸು ಬರೂ ಹೊತ್ತಾತ್ರಿ."

"ಹೋಗ್ಲಿ ಬಿಡು. ಅದರ ಹಿಂದ ಇನ್ನೊಂದು ಐತಿ." ತೋಟಪ್ಪ ಬಸಿಯನ್ನು ಪಕ್ಕಕ್ಕಿಟ್ಟು ಕಾಯಿಗಳನ್ನು ಮತ್ತೆ ಜೋಡಿಸಿದ. ತನಗೆ ರಾಜ ಮತ್ತು ಆನೆ. ಅವಳಿಗೆ ಬರಿ ರಾಜ, ನಟ್ಟನಡುವೆ. "ಬಾ, ಕುಂದರು. ಸುಮ್ಮ ಸುಮ್ಮನ ಸಿಗಬ್ಯಾಡ ಮತ್ತ. ಸರಿಯಾಗಿ ಓಡು."

"ಸಿಗೂದಿಲ್ರಿ" ಎಂದಳು ಅವಳು. ಸೆರಗು ಸರಿಮಾಡಿಕೊಂಡು ಕುಳಿತು, ರಾಜನನ್ನು ಅವನ ಆನೆಯಿಂದ ದೂರದ ಮನೆಗೆ ಸರಿಸಿದಳು.