ಡೆಲ್ಸೀನಳ ತಟ್ಟೆ

ಹಿರಿಯರ ಮೇಜಿಗೆ ಬಿಳಿ ಬಟ್ಟೆ ಹಾಸಿಯಾಗಿತ್ತು. ಅಪ್ಪನಿಗೊಂದು ತಟ್ಟೆ, ಅಪ್ಪನ ತಾಯಿಗೊಂದು, ಹಾಯಿಹಡಗಿನೊಡನೆ ಸಮುದ್ರದ ಪಾಲಾದ ದೊಡ್ಡಪ್ಪನಿಗೊಂದು. ಉಪ್ಪು ಸೋಕಿಸದೆ ಬೇಯಿಸಿದ ಕೋಳಿ, ಉಪ್ಪಿಲ್ಲದ ಮೆಕ್ಕೆಜೋಳದ ಮುದ್ದೆ, ತೊಗರಿಕಾಳು, ಪಕ್ಕದಲ್ಲಿ ಲೋಟದ ತುಂಬ ನೀರು, ಒಂದು ಗುಟುಕು ರಮ್. ಇಸ್ಮೇನಾ ಮೇಣದಬತ್ತಿ ನೆಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲ ಸರಿಯಾಗಿದೆಯೇ ಎಂದು ನೋಡಿದಳು. ತಾಯಿ ಡೆಲ್ಸೀನಳಿಗೆ ತಟ್ಟೆಯಿರಲಿಲ್ಲ. ಅವಳು ಸತ್ತಂದಿನಿಂದ ಈ ಮನೆಯಲ್ಲಿ ಸತ್ತವರಿಗೆ ಬಡಿಸಿದ ಯಾವ ಸರಾಕಾ ಊಟದಲ್ಲೂ ಅದು ಇರಲಿಲ್ಲ.

ಲೆಸ್ತೆರ್ ಊರಿನಲ್ಲಿ ಇದು ಸಣ್ಣ ಮಾತಲ್ಲ. ಬೆಳಿಗ್ಗೆ ಇಗರ್ಜಿಯಲ್ಲಿ ಪ್ರಸಾದ ತೆಗೆದುಕೊಂಡ ಬಾಯಿಯೇ ಮಧ್ಯಾಹ್ನ ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕರೆಯುತ್ತದೆ. ಪಾದ್ರಿಗಳಿಗೆ ಎಲ್ಲವೂ ಗೊತ್ತು. ಗೊತ್ತಿಲ್ಲದವರ ಹಾಗೆ ಬಂದು ಕೋಳಿ ತಿಂದು ಹೋಗುತ್ತಾರೆ. ಇಡೀ ಕ್ಯಾರಿಯಕೂ ದ್ವೀಪದಲ್ಲಿ ಹುಡುಕಿದರೂ ಹೆತ್ತ ತಾಯಿಯನ್ನು ಹಸಿದಿರಿಸಿದ ಮಗಳು ಇನ್ನೊಬ್ಬಳು ಸಿಗುತ್ತಿರಲಿಲ್ಲ.

"ಇನ್ನೊಂದು ತಟ್ಟೆ ತೊಳ್ದಿಟ್ಟಿದೀನಿ," ಎಂದಳು ಚಿಕ್ಕಮ್ಮ ತಾಂತಿ ಯುಫ್ರಾಸಿ, ಡೆಲ್ಸೀನಳ ತಂಗಿ. ತಟ್ಟೆಯನ್ನು ಲಂಗದ ಅಂಚಿನಲ್ಲಿ ಒರೆಸುತ್ತಲೇ ಇದ್ದಳು.

"ಬೇಡ ತಾಂತಿ."

"ಏನು ಬೇಡ? ನೀನು ಕೆಲಸದಿಂದ ನಿವೃತ್ತಿಯಾಗಿ ಊರಿಗೆ ಬಂದಿದೀಯ ಅಂತ ನಗಾರಿ ಬಾರಿಸ್ತಿದೀವಿ. ಇವತ್ತಾದ್ರೂ ಬಿಡು. ಸತ್ತೋಳ ಮೇಲೆ ಎಷ್ಟು ದಿನ ಹಗೆ ಸಾಧಿಸ್ತೀಯ?"

"ಹಗೆ ಅಲ್ಲ. ಅಮ್ಮನೇ ಹೇಳಿದಾಳೆ, ನನಗೆ ಕೊಡಬೇಡ ಅಂತ."

"ಮತ್ತೆ ಅದೇ ಕತೆ. ಡೆಲ್ಸೀನ ಊಟ ಬೇಡ ಅಂದ್ಲಾ?" ತಾಂತಿ ಗಟ್ಟಿಯಾಗಿ ನಕ್ಕಳು. "ಪಕ್ಕದ ಮನೇಲಿ ಮೀನು ಹುರಿದ್ರೆ ಸಾಕು, ಉಪ್ಪು ಸಾಲ ಕೇಳೋ ನೆಪದಲ್ಲಿ ಹೋಗಿ ಕೂರ್ತಿದ್ಲು ನಮ್ಮಕ್ಕ. ಸತ್ತ ಮೇಲೆ ಉಪವಾಸ ಹಿಡಿದ್ಲಂತೆ! ಸುಳ್ಳಾದ್ರೂ ಚೆನ್ನಾಗಿ ಹೇಳು ಟೀಚರಮ್ಮ."

ಇಸ್ಮೇನಾ ಮೇಜಿನ ಬಟ್ಟೆಯ ಸುಕ್ಕು ಸರಿಮಾಡಿದಳು. ಅವಳು ಸುಳ್ಳು ಹೇಳಿರಲಿಲ್ಲ.

ಅವಳು ಹುಡುಗಿಯಾಗಿದ್ದಾಗ ಈ ಊರಿನ ಹಿರಿಯರ ಬಾಯಲ್ಲಿ ಪತ್ವಾ ಇತ್ತು. ಫ್ರೆಂಚರ ತೋಟಗಳಲ್ಲಿ ದುಡಿದವರು ತಮ್ಮದಾಗಿಸಿಕೊಂಡ ಮಾತು ಅದು. ಡೆಲ್ಸೀನ ಬೈಯುವುದೂ ಹಾಡುವುದೂ ಅದರಲ್ಲೇ. ಅಕ್ಕತಂಗಿಯರೊಡನೆ ಗುಟ್ಟು ಮಾತಾಡುವುದೂ ಅದರಲ್ಲೇ. ಆದರೆ ಮಗಳ ನಾಲಿಗೆಗೆ ಅದು ತಾಕಬಾರದು. ಒಮ್ಮೆ ಪಕ್ಕದ ದೊಡ್ಡ ದ್ವೀಪದ ಸೇಂಟ್ ಜಾರ್ಜಸ್ ಪೇಟೆಯ ಅಂಗಡಿಯೊಂದರಲ್ಲಿ ಡೆಲ್ಸೀನಳ ಮಾತು ಕೇಳಿ ಎಲ್ಲರೂ ನಕ್ಕಿದ್ದರಂತೆ. ಅಂದಿನಿಂದ ಅವಳು ಹುಣಸೆಯ ಬರಲೊಂದನ್ನು ಬಾಗಿಲ ಮೇಲೆ ಸಿಕ್ಕಿಸಿಟ್ಟಿದ್ದಳು. ಹುಡುಗಿಯ ಬಾಯಿಂದ ಪತ್ವಾದ ಒಂದು ಪದ ಜಾರಿದರೆ ಕಾಲ ಮೇಲೆ ಬಾಸುಂಡೆ ಏಳುತ್ತಿತ್ತು. "ಈ ಮಾತು ಕಲಿತ್ರೆ ನಿನಗೂ ಬಟ್ಟೆ ಒಗೆಯೋ ಕಲ್ಲೇ ಗತಿ. ಇಂಗ್ಲಿಷಲ್ಲಿ ಅಳು," ಎನ್ನುತ್ತಿದ್ದಳು. ಇಸ್ಮೇನಾ ಇಂಗ್ಲಿಷಿನಲ್ಲೇ ಅತ್ತಳು. ದೊಡ್ಡ ದ್ವೀಪಕ್ಕೆ ಹೋಗಿ ಕನ್ಯಾಮಠದ ಶಾಲೆಯಲ್ಲಿ ಓದಿದಳು, ಪುಸ್ತಕದ ಫ್ರೆಂಚಿನಲ್ಲಿ ಬಹುಮಾನ ಪಡೆದಳು, ಅಲ್ಲಿಯೇ ಉಪಾಧ್ಯಾಯಿನಿಯಾದಳು.

ಕೊನೆಗಾಲದಲ್ಲಿ ಡೆಲ್ಸೀನಳಿಗೆ ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಯಿತು. ಅರ್ಧ ಮೈಯೊಡನೆ ಬಾಯಲ್ಲಿದ್ದ ಇಂಗ್ಲಿಷೂ ಹೋಯಿತು. ಉಳಿದದ್ದು ಪತ್ವಾ ಒಂದೇ. ಮಗಳು ಓಡಿಬಂದು ಮಂಚದ ಬಳಿ ಕೂತಳು. ತಾಯಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಮಗಳು ಕೈ ಹಿಡಿದುಕೊಂಡು ತಲೆಯಾಡಿಸುತ್ತಿದ್ದಳು. ತಾಂತಿ ಯುಫ್ರಾಸಿ ಆಗ ಟ್ರಿನಿಡಾಡಿನಲ್ಲಿ ಮಗನ ಮನೆಯಲ್ಲಿದ್ದಳು. ಅಕ್ಕಪಕ್ಕದ ಮುದುಕರನ್ನು ಕರೆಸಿ ಅರ್ಥ ಕೇಳಬಹುದಿತ್ತು. ಹೆತ್ತ ತಾಯಿಯ ಮಾತಿಗೆ ಹೊರಗಿನವರನ್ನು ಕರೆಯುವುದೇ ಎಂದು ಇಸ್ಮೇನಾ ನಾಚಿದಳು.

ಒಂದು ಸಂಜೆ ಅವಳು ಆರಾರೂಟಿನ ಗಂಜಿ ಕಾಸಿ, ಆರಿಸಿ, ಚಮಚ ತಾಯಿಯ ಬಾಯಿಯ ಹತ್ತಿರ ಒಯ್ದಳು. ಡೆಲ್ಸೀನ ಬಾಯಿ ತೆರೆಯಲಿಲ್ಲ. ಮಗಳ ಮುಖವನ್ನೇ ನೋಡುತ್ತ, "ಪಾದೊನೆ ಮ್ವೆ," ಎಂದಳು.

ಇಸ್ಮೇನಾ ಆ ಮಾತನ್ನು ಬಿಡಿಸಿಕೊಂಡಳು. 'ಪಾ' ಎಂದರೆ ಬೇಡ; ಬಾಲ್ಯದಲ್ಲಿ ಕಿವಿಗೆ ಬಿದ್ದದ್ದು. 'ಮ್ವೆ' ಎಂದರೆ ನಾನು, ನನಗೆ. 'ದೊನೆ' ಎಂದರೆ ಕೊಡು. ಇದು ಶಾಲೆಯ ಫ್ರೆಂಚಿನಿಂದ ಬಂದದ್ದು. ನನಗೆ ಕೊಡಬೇಡ. ಚಮಚ ಹಿಂದೆ ತೆಗೆದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಯ್ದಳು. ಮತ್ತೆ ಅದೇ ಮಾತು. ಈ ಸಲ ಕಣ್ಣಲ್ಲಿ ನೀರೂ ಇತ್ತು. ಇಷ್ಟು ಹಿಂಸೆಪಡಿಸುವುದೇಕೆಂದು ಇಸ್ಮೇನಾ ಬಟ್ಟಲನ್ನು ಕೆಳಗಿಟ್ಟು, ಮೆಲ್ಲಗೆ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದಳು: "ಆಗಲಿ ಅಮ್ಮ. ಕೊಡಲ್ಲ."

ಡೆಲ್ಸೀನ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಆ ವಾರ ಮುಗಿಯುವುದರೊಳಗೆ ತೀರಿಕೊಂಡಳು.

ಮೊದಲ ಸರಾಕಾಕ್ಕೆ ಮುಂಚೆ ಅವಳು ಕನಸಿನಲ್ಲಿ ಬಂದಳು. ಇಲ್ಲಿ ಸತ್ತವರು ಬರುವುದೇ ಹಾಗೆ, ಬೇಕಾದದ್ದನ್ನು ಕೇಳುವುದಕ್ಕೆ. ಅಡುಗೆಮನೆಯ ಹೊಸ್ತಿಲಲ್ಲಿ ಬರಿಗೈಯಲ್ಲಿ ನಿಂತು ಮತ್ತೆ ಅದೇ ಮಾತು ಹೇಳಿದಳು. ಇಸ್ಮೇನಾ ಆ ಕನಸನ್ನು ಊರವರಿಗೆ ತಿಳಿಸಿದಳು; ಆದರೆ ತಿಳಿಸಿದ್ದು ತಾನು ಮಾಡಿಕೊಂಡ ಅರ್ಥವನ್ನು, ಅದೂ ಇಂಗ್ಲಿಷಿನಲ್ಲಿ. ತಾಯಿಯ ಮಾತನ್ನು ಇದ್ದ ಹಾಗೆ ಯಾರ ಮುಂದೆಯೂ ಆಡಲಿಲ್ಲ. ಆ ಭಾಷೆ ಬಾಯಿಗೆ ಬಂದರೆ ಈಗಲೂ ಕಾಲು ಚುರುಗುಟ್ಟುತ್ತಿತ್ತು. ಸತ್ತವರು ಬೇಡವೆಂದ ಮೇಲೆ ಬಡಿಸುವ ಧೈರ್ಯ ಯಾರಿಗಿದೆ? ಅಮ್ಮನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೇ ಅವಳ ತಲೆ ನರೆಯಿತು.

ಹೊರಗೆ ಬಿಸಿಲಿಗೆ ನಗಾರಿಗಳ ಚರ್ಮ ಕಾಯಿಸುತ್ತಿದ್ದರು. ಹಡಗು ಕಟ್ಟುವ ಮುದುಕ ಆನ್ಸೆಲ್ಮ್, ನಗಾರಿಯನ್ನು ತಬ್ಬಿಕೊಂಡು ಹಿಂದೆ ಹಿಂದೆ ನಡೆಯುತ್ತ ಮನೆಯೊಳಗೆ ಬಂದವನು, ತಾಂತಿಯ ಕಾಲಬೆರಳನ್ನು ತುಳಿದುಬಿಟ್ಟ.

"ಅಯ್ಯಯ್ಯೋ, ಸತ್ತೆ! ಕಣ್ಣೇನು ಬೆನ್ನಲ್ಲಿದೆಯೇನೋ ಮುದಿಯಾ?"

ಆನ್ಸೆಲ್ಮ್ ನಗಾರಿ ಇಳಿಸಿ, ಟೋಪಿ ತೆಗೆದು, ಮದುಮಗನಂತೆ ಬಾಗಿದ. "ಪಾದೊನೆ ಮ್ವೆ, ದೂದೂ. ಪಾದೊನೆ ಮ್ವೆ."

"ದೂದೂ ಅಂತೆ, ಮುದ್ದು ಬೇರೆ! ನಿನ್ನ ಹೆಂಡ್ತೀನ ಕರೀಲಾ? ಕ್ಷಮಿಸೋದೇನಿದ್ರೂ ಬೆರಳು ಕ್ಷಮಿಸ್ಬೇಕು, ನಾನಲ್ಲ."

ಇಸ್ಮೇನಾಳ ಕೈಯಲ್ಲಿದ್ದ ಬೆಂಕಿಕಡ್ಡಿ ಉರಿದು ಉಗುರಿಗೆ ತಾಗಿತು.

"ತಾಂತಿ, ಅವನು ಏನಂದ?"

"ಏನಂತಾನೆ? ಕ್ಷಮಿಸು ಅಂದ. ತುಳಿಯೋದು, ಆಮೇಲೆ ಬಾಗೋದು."

"ಕೊಡಬೇಡ ಅಂತ ಅಲ್ವಾ?"

"ಕೊಡಬೇಡ ಅನ್ನೋಕೆ 'ಪಾ ಬಾ ಮ್ವೆ' ಅಂತೀವಿ. ಇದು ಕ್ಷಮಿಸು ಅಂತ. ಯಾಕೇ? ಮುಖ ಯಾಕೆ ಹಾಗಾಯ್ತು?"

ನಗಾರಿ ಶುರುವಾಗುವಾಗ ಬದುಕಿರುವವರು ಮಂಡಿಯೂರಿ ಸತ್ತವರ ಕ್ಷಮೆ ಬೇಡುವುದು ಇಲ್ಲಿನ ರೂಢಿ. ಸತ್ತವರು ಬಂದು ಬದುಕಿರುವವರ ಕ್ಷಮೆ ಕೇಳಿದ್ದನ್ನು ಆ ದ್ವೀಪದಲ್ಲಿ ಯಾರೂ ಕೇಳಿರಲಿಲ್ಲ. ಇಸ್ಮೇನಾ ಕುರ್ಚಿ ಹುಡುಕಿ ಕೂತಳು. ಚಮಚ, ಗಂಜಿ, ಗೋಡೆಯ ಕಡೆಗೆ ತಿರುಗಿದ ಮುಖ, ಎಲ್ಲವನ್ನೂ ಹೇಳಿದಳು. ಕೊನೆಗೆ ತಾನು ಕೊಟ್ಟ ಉತ್ತರಕ್ಕೆ ಬಂದಳು.

"ಅಮ್ಮನಿಗೆ ಇಂಗ್ಲಿಷ್ ಕೇಳಿದ್ರೆ ತಿಳೀತಿತ್ತು ತಾಂತಿ. ಆಡೋಕೆ ಮಾತ್ರ ಬರ್ತಿರಲಿಲ್ಲ. ಅವಳು ಕ್ಷಮಿಸು ಅಂದ್ಲು. ನಾನು ಕೊಡಲ್ಲ ಅಂದೆ."

ತಾಂತಿ ಬೆರಳಿನ ನೋವು ಮರೆತು ಇಸ್ಮೇನಾಳ ಪಕ್ಕ ಬಂದು ಕೂತಳು. ಆನ್ಸೆಲ್ಮ್ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಮೆಲ್ಲನೆ ಹೊರಗೆ ಹೋದ. ತಾಂತಿ ಅಂದಳು: "ಆ ಹುಣಸೆ ಬರಲಿನ ವಿಷಯ ಇರ್ಬೇಕು. ನಿನ್ನ ಕಾಲು ನೋಡಿ ನೋಡಿ ನನ್ನ ಹತ್ರ ಅಳ್ತಿದ್ಲು. ಪತ್ವಾದಲ್ಲಿ."

ಆಮೇಲೆ ತೊಳೆದಿಟ್ಟ ತಟ್ಟೆ ಮೇಜಿನ ಮೇಲೆ ಬಂತು. ಮುದ್ದೆ, ಕೋಳಿ, ಕಾಳು ಬಡಿಸಿದ ಮೇಲೆ ಇಸ್ಮೇನಾ ಅಡುಗೆಮನೆಗೆ ಹೋಗಿ ಒಂದು ಚಮಚ ತಂದು ತಟ್ಟೆಯ ಪಕ್ಕದಲ್ಲಿಟ್ಟಳು.

"ಸತ್ತವರಿಗೆ ಚಮಚ ಇಡೋದಿಲ್ಲ ಕಣೇ. ಕೈಯಲ್ಲೇ ಉಣ್ತಾರೆ."

"ಇರಲಿ ತಾಂತಿ. ಈಗ ಹೇಳ್ಕೊಡು. ನಾನು ಕ್ಷಮಿಸಿದೀನಿ ಅನ್ನೋದಕ್ಕೆ ಏನಂತೀರಿ?"

ತಾಂತಿ ಹೇಳಿಕೊಟ್ಟಳು. ಇಸ್ಮೇನಾ ಮಂಡಿಯೂರಿ ಹೇಳಿದಳು. ಶಾಲೆಯ ಫ್ರೆಂಚು ನಡುವೆ ತೂರಿಕೊಂಡು ಮಾತು ವಕ್ರವಾಯಿತು.

"ಹಾಗಲ್ಲ. ಮೂಗಲ್ಲಿ ಹೇಳು. ಇದನ್ನ ಕೇಳಿದ್ರೆ ನಮ್ಮಕ್ಕ ಬಿದ್ದು ಬಿದ್ದು ನಗ್ತಾಳೆ."

"ನಗಲಿ," ಎಂದಳು ಇಸ್ಮೇನಾ. "ನಗೋದಕ್ಕಾದ್ರೂ ಬರಲಿ."

ಮತ್ತೆ ಹೇಳಿದಳು. ಹೊರಗೆ ನಗಾರಿ ಏಳುವ ತನಕ ಹೇಳುತ್ತಲೇ ಇದ್ದಳು. ಬೆಳಗಾದ ಮೇಲೆ ಮಕ್ಕಳು ನುಗ್ಗಿ ಎಂದಿನಂತೆ ಆ ತಟ್ಟೆಗಳನ್ನು ಬರಿದು ಮಾಡಿದರು.

ಅಲ್ಲಿಂದ ಮುಂದೆ ಆ ಮನೆಯ ಪ್ರತಿ ಸರಾಕಾದಲ್ಲೂ ಡೆಲ್ಸೀನಳ ತಟ್ಟೆಯ ಪಕ್ಕದಲ್ಲಿ ಚಮಚವಿರುತ್ತಿತ್ತು. ಇಸ್ಮೇನಾ ತಾಂತಿಯ ಬಳಿ ಕೂತು ಪತ್ವಾ ಕಲಿತಳು. ಕನಸಿನಲ್ಲಿ ಯಾರು ಏನೇ ಕೇಳಿದರೂ ಉತ್ತರ ಕೊಡುವಷ್ಟು ಕಲಿತಳು. ಡೆಲ್ಸೀನ ಮಾತ್ರ ಆಮೇಲೆ ಕನಸಿಗೆ ಬರಲಿಲ್ಲ. ಹೊಟ್ಟೆ ತುಂಬಿದ್ದಕ್ಕೆ ಬರುವುದಿಲ್ಲ ಎಂದು ತಾಂತಿ ಹೇಳುತ್ತಿದ್ದಳು. ಇಸ್ಮೇನಾ ಹೌದೆನ್ನುತ್ತಿದ್ದಳು, ಪತ್ವಾದಲ್ಲಿ.